ಗ್ಯಾಲರಿಯಲ್ಲಿ ಹೊಸ ಚಿತ್ರಕಾರರು ಸಿಕ್ಕಾಗ

ಗೋಡೆಯ ಮೇಲಿನ ಪರಿಚಯ ಬರಹವನ್ನು ಮೊದಲೇ ಓದಬೇಡಿ. ನಾನಂತೂ ಒಳಗೆ ಹೋದ ಕೂಡಲೇ ಎಲ್ಲೂ ನಿಲ್ಲದೆ ಸುಮ್ನೆ ಒಂದು ಸುತ್ತು ಹಾಕುತ್ತೇನೆ. ಕಣ್ಣು ತಾನಾಗಿ ಯಾವ ಚಿತ್ರದ ಕಡೆ ತಿರುಗುತ್ತದೋ ಅದರ ಮುಂದೆ ನಿಲ್ಲಿ. ಅದು ಇಷ್ಟವಾಗಿದ್ದೇ ಆಗಬೇಕಿಲ್ಲ, ಕಿರಿಕಿರಿ ಮಾಡಿದ್ದೂ ಆದೀತು.

ಹತ್ತಿರ ಹೋಗಿ, ಮುಟ್ಟಬೇಡಿ ಅಷ್ಟೇ. ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೋ ತನ್ನ ದೊಡ್ಡ ಚಿತ್ರಗಳನ್ನು ನಿಂತು ನೋಡಲು ಹೇಳಿದ್ದ ದೂರ ಬರೀ 18 ಇಂಚು. ಆಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಬ್ರಷ್ ಎಲ್ಲಿ ಓಡಿದೆ, ಚಾಕುವಿನಲ್ಲಿ ಎಲ್ಲಿ ಕೆರೆದಿದ್ದಾರೆ, ಎಲ್ಲ ಕಾಣುತ್ತದೆ. ನನಗೆ ಜಾಸ್ತಿ ಇಷ್ಟ ಕ್ಯಾನ್ವಾಸಿನ ಅಂಚು. ಫ್ರೇಮ್ ಇಲ್ಲದಿದ್ದರೆ ಅಡಿಯಲ್ಲಿ ಬಳಿದ ಬಣ್ಣ ಅಲ್ಲಿ ಇಣುಕುತ್ತಿರುತ್ತದೆ. ಮುಂದೆಲ್ಲ ನೀಲಿ, ಅಂಚಿನಲ್ಲಿ ಕೆಂಪು!

ಈಗ ಬಣ್ಣ ಯಾವ ಬಗೆಯದು, ಅಕ್ರಿಲಿಕ್ಕೋ ಎಣ್ಣೆಯೋ ಅಂತ ಊಹಿಸಿ. ಅಕ್ರಿಲಿಕ್ ಬಣ್ಣ ಅದರೊಳಗಿನ ನೀರು ಆರಿದಂತೆ ಬೇಗ ಒಣಗುತ್ತದೆ. ಎಣ್ಣೆಬಣ್ಣ ಗಾಳಿಯ ಆಮ್ಲಜನಕ ಸೇರಿ ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಬಣ್ಣಗಳು ಒಂದರೊಳಗೊಂದು ಮೆತ್ತಗೆ ಬೆರೆತಿದ್ದರೆ ಎಣ್ಣೆ ಇರಬಹುದು. ಲೇಬಲ್ ನೋಡಿ ತಾಳೆ ಹಾಕಿ, ಮಜಾ ಇರುತ್ತದೆ. ಲೇಬಲ್ ಪಕ್ಕ ಕೆಂಪು ಚುಕ್ಕೆ ಇದ್ದರೆ ಚಿತ್ರ ಮಾರಾಟವಾಗಿದೆ ಅಂತ.

ಲೇಬಲ್ಲಿನ ವರ್ಷ ಹಿಡಿದು ಹಳೆಯದರಿಂದ ಹೊಸದಕ್ಕೆ ಮತ್ತೊಂದು ಸುತ್ತು ಬನ್ನಿ. ಚಿತ್ರಕಾರರು ಏನನ್ನು ಬಿಟ್ಟರು, ಯಾವುದನ್ನು ಬಿಡಲಾರದೆ ಮತ್ತೆ ಮತ್ತೆ ಬರೆದರು ಅನ್ನೋದು ಗೊತ್ತಾಗುತ್ತದೆ. ಪರಿಚಯ ಬರಹ ಈಗ ಓದಿ. ಅರ್ಧ ಒಣ ಮಾತೇ ಇರುತ್ತದೆ ಅನ್ನಿ.

ಮೇಜಿನ ಹತ್ತಿರ ಕೂತವರನ್ನು "ಇವರ ಬೇರೆ ಚಿತ್ರ ಇವೆಯಾ?" ಅಂತ ಕೇಳಿ. ಎಷ್ಟೋ ಸಲ ಒಳಗಿನ ಕೋಣೆಯಿಂದ ತಂದು ತೋರಿಸುತ್ತಾರೆ. ಚಿತ್ರಕಾರರೇ ಸಿಕ್ಕರೆ ಅರ್ಥ ಕೇಳಬೇಡಿ. "ಮುಗಿಯಿತು ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿ ನೋಡಿ.