ಗಿಡಮೂಲಿಕೆಯ ಸಾರ ಸುರಕ್ಷಿತವೇ ಎಂದು ಇಲಿಗಳಲ್ಲಿ ಪರೀಕ್ಷಿಸುವ ಕ್ರಮ

ಪರೀಕ್ಷೆಗೆ ಕೈಹಾಕುವ ಮೊದಲು ಗಿಡದ ಗುರುತು ಖಚಿತವಾಗಿರಬೇಕು. ಸಸ್ಯಶಾಸ್ತ್ರಜ್ಞರಿಂದ ಪ್ರಭೇದವನ್ನು ದೃಢಪಡಿಸಿಕೊಂಡು, ಒಣಗಿಸಿದ ಮಾದರಿಯೊಂದನ್ನು ಕಾಯ್ದಿರಿಸಿ, ಬಳಸಿದ ದ್ರಾವಕವನ್ನೂ ಬ್ಯಾಚ್ ಸಂಖ್ಯೆಯನ್ನೂ ಬರೆದಿಡಬೇಕು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಔಷಧಿಯೊಳಗೆ ಸ್ಟೆಫಾನಿಯಾ ಎಂಬ ಗಿಡದ ಬದಲು ಅರಿಸ್ಟೊಲೋಕಿಯಾ ಎಂಬ ವಿಷಕಾರಿ ಗಿಡ ಸೇರಿಹೋಗಿ ಹಲವು ಮಹಿಳೆಯರ ಮೂತ್ರಪಿಂಡಗಳು ಹಾಳಾದವು.

ಪ್ರಾಣಿ ನೀತಿ ಸಮಿತಿಯ ಲಿಖಿತ ಅನುಮತಿ ಕೈಸೇರುವವರೆಗೆ ಒಂದು ಇಲಿಯನ್ನೂ ತರಿಸಬಾರದು. ಜೀವಕೋಶಗಳ ಮೇಲಿನ ಪ್ರಯೋಗದಿಂದಲೇ ಉತ್ತರ ಸಿಗುವುದಾದರೆ ಪ್ರಾಣಿಯ ಅಗತ್ಯವೇ ಇಲ್ಲ.

ತೀವ್ರ ವಿಷತ್ವವನ್ನು, ಅಂದರೆ ಒಮ್ಮೆ ಕೊಟ್ಟ ಪ್ರಮಾಣದಿಂದ ಬೇಗನೆ ಆಗುವ ಹಾನಿಯನ್ನು ಅಳೆಯಲು ಓಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) 423ನೇ ಮಾರ್ಗಸೂಚಿ ಅನುಕೂಲಕರ. ಒಂದು ಹಂತಕ್ಕೆ ಮೂರೇ ಪ್ರಾಣಿಗಳು ಸಾಕು. 8ರಿಂದ 12 ವಾರ ವಯಸ್ಸಿನ, ಇನ್ನೂ ಮರಿ ಹಾಕಿರದ ಹೆಣ್ಣು ಇಲಿಗಳನ್ನು ಕನಿಷ್ಠ ಐದು ದಿನ ಹೊಸ ಪಂಜರಕ್ಕೆ ಒಗ್ಗಿಸಿ, ಹಿಂದಿನ ರಾತ್ರಿ ಆಹಾರ ತಡೆದು ನೀರನ್ನು ಮಾತ್ರ ಬಿಡಬೇಕು. ಮುನ್ಮಾಹಿತಿ ಇಲ್ಲದಿದ್ದರೆ ದೇಹತೂಕದ ಪ್ರತಿ ಕಿಲೋಗೆ 300 ಮಿಲಿಗ್ರಾಂನಿಂದ ಆರಂಭಿಸಬೇಕು. 200 ಗ್ರಾಂ ತೂಗುವ ಇಲಿಗೆ ಅದು 60 ಮಿಲಿಗ್ರಾಂ. 2 ಮಿಲಿಲೀಟರ್ ದ್ರವದಲ್ಲಿ ಕೊಡುವುದಾದರೆ ಪ್ರತಿ ಮಿಲಿಲೀಟರಿಗೆ 30 ಮಿಲಿಗ್ರಾಂ ಸಾರವಿರಬೇಕು. ಎರಡು ಅಥವಾ ಮೂರೂ ಇಲಿಗಳು ಸತ್ತರೆ ಕಿಲೋಗೆ 50 ಮಿಲಿಗ್ರಾಂಗೆ ಇಳಿಯಬೇಕು. ಒಂದು ಸತ್ತರೂ, ಒಂದೂ ಸಾಯದಿದ್ದರೂ ಅದೇ ಪ್ರಮಾಣವನ್ನು ಇನ್ನೂ ಮೂರು ಇಲಿಗಳಿಗೆ ಕೊಟ್ಟು ನೋಡಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಬಾಯಿಯ ಮೂಲಕ ಸಾರ ಕೊಡುವಾಗ. ತುದಿ ಗುಂಡಗಿರುವ ಸೂಜಿಯನ್ನು ಇಲಿಯ ಬಾಯಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಹಿಡಿದು ಉದ್ದ ಅಳೆದುಕೊಂಡು, ಕುತ್ತಿಗೆಯ ಸಡಿಲ ಚರ್ಮದಿಂದ ಇಲಿಯನ್ನು ನೇರವಾಗಿ ಹಿಡಿದು, ಸೂಜಿ ತಾನಾಗಿ ಜಾರುವಂತೆ ಇಳಿಸಬೇಕು. ತಡೆ ಸಿಕ್ಕರೆ ಒತ್ತದೆ ಹೊರತೆಗೆಯಬೇಕು. ದ್ರವ ಶ್ವಾಸಕೋಶಕ್ಕೆ ಹೋಗಿ ಇಲಿ ಸತ್ತರೆ ಆ ಸಾವು ಮೂಲಿಕೆಯ ವಿಷವೆಂದು ದಾಖಲಾಗಬಹುದು. ಆದ್ದರಿಂದ ಸತ್ತ ಪ್ರತಿ ಇಲಿಯ ಶ್ವಾಸಕೋಶವನ್ನು ತೆರೆದು ನೋಡಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಮೊದಲ ಅರ್ಧ ಗಂಟೆಯಲ್ಲಿ ಒಮ್ಮೆಯಾದರೂ, ಮೊದಲ ನಾಲ್ಕು ಗಂಟೆ ವಿಶೇಷ ಗಮನವಿಟ್ಟು, ಆಮೇಲೆ 14 ದಿನ ಪ್ರತಿದಿನವೂ ಗಮನಿಸಬೇಕು. ನಿಮಿರಿದ ರೋಮ, ಬಾಗಿದ ಬೆನ್ನು, ಅರೆಮುಚ್ಚಿದ ಕಣ್ಣು, ನಡುಕ, ಭೇದಿ ಇವುಗಳನ್ನು ಕಂಡ ವೇಳೆಯೊಂದಿಗೆ ಬರೆಯಬೇಕು. ತೀವ್ರವಾಗಿ ನರಳುವ ಇಲಿಗೆ ಕೂಡಲೇ ನೋವಿಲ್ಲದ ಸಾವು ಕೊಟ್ಟು, ಅದನ್ನೂ ಸತ್ತವುಗಳ ಲೆಕ್ಕಕ್ಕೇ ಸೇರಿಸಬೇಕು.

ದಿನವೂ ಸೇವಿಸುವ ಮೂಲಿಕೆಗೆ ಇಷ್ಟು ಸಾಲದು. ಅರಿಸ್ಟೊಲೋಕಿಯಾದ ಹಾನಿ ನಿಧಾನವಾಗಿ ಬೆಳೆಯುವಂಥದ್ದು. 407ನೇ ಮಾರ್ಗಸೂಚಿಯಂತೆ ಮೂರು ಪ್ರಮಾಣಗಳನ್ನು 28 ದಿನ ಕೊಟ್ಟು, ಸಾರವಿಲ್ಲದ ವಾಹಕ ದ್ರವ ಮಾತ್ರ ಪಡೆದ ಗುಂಪಿನೊಂದಿಗೆ ಹೋಲಿಸಬೇಕು. ಪ್ರತಿ ಗುಂಪಿನಲ್ಲೂ ಕನಿಷ್ಠ ಐದು ಗಂಡು, ಐದು ಹೆಣ್ಣು ಇಲಿಗಳಿರಬೇಕು. ಕೊನೆಗೆ ಮೂತ್ರಪಿಂಡದ ಸ್ಥಿತಿ ತೋರುವ ರಕ್ತದ ಯೂರಿಯಾ, ಕ್ರಿಯಾಟಿನಿನ್ ಮತ್ತು ಯಕೃತ್ತಿನ ಕಿಣ್ವಗಳನ್ನು ಅಳೆದು, ಅಂಗಗಳ ತೆಳು ಸೀಳುಗಳನ್ನು ಮೊದಲ ಸುತ್ತಿನಲ್ಲಿ ಯಾವ ಗುಂಪಿನವೆಂದು ತಿಳಿಸದೆ ರೋಗಶಾಸ್ತ್ರಜ್ಞರಿಗೆ ಕೊಡುವುದು ಒಳ್ಳೆಯದು.