ಮೀನಿನ ಟ್ಯಾಂಕ್ ನೀರಲ್ಲಿ ಕರೆಂಟ್ ಲೀಕ್: ನಾನು ಹುಡುಕಿ ಸರಿಮಾಡಿದ್ದು ಹೀಗೆ

ಗಾಜು ಒರೆಸೋಕೆ ಅಂತ ನೀರಿಗೆ ಕೈ ಇಳಿಸಿದ್ರೆ ಬೆರಳಲ್ಲಿ ಸಣ್ಣ ಗಾಯ ಇದ್ದ ಕಡೆ ಮಾತ್ರ ಚುರ್ ಅಂತಿತ್ತು, ಮೀನುಗಳು ಮಾತ್ರ ಆರಾಮಾಗಿ ಓಡಾಡ್ಕೊಂಡಿದ್ವು. ಮೀನೇ ಚೆನ್ನಾಗಿದೆಯಲ್ಲ ಅಂತ ಸುಮಾರು ಜನ ಇಲ್ಲಿಗೇ ಸುಮ್ನಾಗಿಬಿಡ್ತಾರೆ. ಆದ್ರೆ ಅದು ಕರೆಂಟ್ ತಂತಿ ಮೇಲೆ ಕೂತ ಕಾಗೆಗೆ ಏನೂ ಆಗ್ದೇ ಇದ್ದಂಗೆ ಅಷ್ಟೇ, ಟ್ಯಾಂಕ್ ಗಾಜಿಂದು, ಸ್ಟ್ಯಾಂಡ್ ಮರದ್ದು, ಕರೆಂಟಿಗೆ ಭೂಮಿಗೆ ಇಳಿಯೋಕೆ ದಾರೀನೇ ಇಲ್ಲ, ಬರಿಗಾಲಲ್ಲಿ ನಿಂತು ಕೈ ಅದ್ದೋ ನಾವೇ ಆ ದಾರಿ ಆಗ್ತೀವಿ.

ಲೈನ್ ಟೆಸ್ಟರ್ ನಾನು ಮುಟ್ಟಲೇ ಇಲ್ಲ, ಅದರ ನಿಯಾನ್ ಬಲ್ಬು ಮೈಕ್ರೋಆಂಪ್ ಲೆಕ್ಕದ ಕರೆಂಟಿಗೂ ಹೊತ್ಕೊಳ್ಳುತ್ತೆ, ಲೀಕ್ ಅಪಾಯದ್ದಾ ಅಲ್ವಾ ಅಂತ ಅದ್ರಿಂದ ಗೊತ್ತಾಗಲ್ಲ. ಮಲ್ಟಿಮೀಟರ್ ಎಸಿ ವೋಲ್ಟೇಜಿಗೆ ಇಟ್ಟು, ಮೊದಲು ಸಾಕೆಟ್ಟಲ್ಲಿ ಫೇಸ್‌ಗೂ ಅರ್ಥ್‌ಗೂ ನಡುವೆ ನೋಡ್ದೆ, 230ರ ಹತ್ರ ಬಂತು. ಬರದೇ ಇದ್ರೆ ಆ ಅರ್ಥ್ ಪಾಯಿಂಟ್ ನಂಬಿ ಮುಂದಿನ ಯಾವ ಅಳತೇನೂ ಮಾಡೋ ಹಾಗಿಲ್ಲ. ಆಮೇಲೆ ಒಂದು ಪ್ರೋಬ್ ನೀರಿಗೆ, ಇನ್ನೊಂದು ಅರ್ಥ್‌ಗೆ. ಎಲ್ಲ ಆನ್ ಇದ್ದಾಗ ಹತ್ತಿರ ಹತ್ತಿರ 70 ವೋಲ್ಟ್.

ಈ ನಂಬರ್ ನೋಡಿ ಗಾಬರಿ ಬೀಳೋದು ಬೇಡ ಅನ್ನೋದೇ ನನ್ನ ಅಭಿಪ್ರಾಯ, ಯಾಕಂದ್ರೆ ನೀರೊಳಗೆ ಓಡೋ ಪಂಪಿನ ಕಾಯಿಲು ಎಷ್ಟೇ ಚೆನ್ನಾಗಿ ಸೀಲ್ ಆಗಿದ್ರೂ ಪ್ಲಾಸ್ಟಿಕ್ಕಿನ ಮೂಲಕವೇ ಒಂದಿಷ್ಟು ವೋಲ್ಟೇಜ್ ನೀರಿಗೆ ಇಂಡ್ಯೂಸ್ ಆಗುತ್ತೆ, ಡಿಜಿಟಲ್ ಮೀಟರು ಹೆಚ್ಚುಕಮ್ಮಿ ಕರೆಂಟೇ ಎಳೀದೇ ಇರೋದ್ರಿಂದ ಅದನ್ನೂ ದೊಡ್ಡದಾಗಿ ತೋರಿಸುತ್ತೆ. ಬೇಕಾಗಿರೋದು ಅದರ ಹಿಂದೆ ನಿಜವಾಗ್ಲೂ ಕರೆಂಟ್ ಇದೆಯಾ ಅನ್ನೋದು. ನನ್ನ ಮೀಟರಲ್ಲಿ ಲೋ-ಝಡ್ ಮೋಡ್ ಇದೆ, ಅದು ಸ್ವಲ್ಪ ಲೋಡ್ ಕೊಟ್ಟು ಅಳೆಯುತ್ತೆ, ಬರೀ ಇಂಡ್ಯೂಸ್ ಆದ ವೋಲ್ಟೇಜ್ ಆಗಿದ್ರೆ ಆಗ ಬಿದ್ದುಹೋಗುತ್ತೆ. ಒಂದೊಂದೇ ಪ್ಲಗ್ ಕಿತ್ತು (ಸ್ವಿಚ್ ಆಫ್ ಅಲ್ಲ, ವೈರಿಂಗ್ ಉಲ್ಟಾ ಇದ್ರೆ ಸ್ವಿಚ್ ನ್ಯೂಟ್ರಲ್ ಮಾತ್ರ ಕಟ್ ಮಾಡುತ್ತೆ, ಫೇಸ್ ಹಾಗೇ ಇರುತ್ತೆ) ನೋಡ್ತಾ ಹೋದೆ. ಫಿಲ್ಟರ್ ಒಂದೇ ಇದ್ದಾಗ ಲೋ-ಝಡ್‌ಗೆ ಹಾಕಿದ ತಕ್ಷಣ ರೀಡಿಂಗ್ ಸೊನ್ನೆ ಹತ್ರ ಬಿತ್ತು, ಅಂದ್ರೆ ಬರೀ ಇಂಡಕ್ಷನ್ನು. ಹೀಟರ್ ಹಾಕ್ದಾಗ ಬೀಳ್ಲಿಲ್ಲ, ಅಂದ್ರೆ ನಿಜವಾದ ಲೀಕ್ ಅದ್ರಲ್ಲೇ. ತೆಗೆದು ಬೆಳಕಿಗೆ ಹಿಡಿದ್ರೆ ರಬ್ಬರ್ ಕ್ಯಾಪ್ ಪಕ್ಕ ಕೂದಲೆಳೆಯಷ್ಟು ಬಿರುಕು, ಗಾಜಿನ ಒಳಗಡೆ ಬೆವರು. ಇದಕ್ಕೆ ಅಂಟು ಹಚ್ಚೋದು ಗಿಚ್ಚೋದು ಇಲ್ಲ, ವೈರ್ ಕತ್ತರಿಸಿ ಬಿಸಾಕಿದೆ, ಇನ್ಯಾರೂ ಎತ್ಕೊಂಡು ಹೋಗಿ ಬಳಸಬಾರದು ಅಂತ.

ಹೀಟರ್ ಹೊಸದು ಬಂದ್ರೂ ಅದೂ ಒಂದಿನ ಬಿರುಕು ಬಿಡೋದೇ, ಹಾಗಾಗಿ ಟ್ಯಾಂಕಿನ ಲೈನಿಗೆ, ಕರೆಂಟ್ ಲೀಕ್ ಆದ್ರೆ ತಾನೇ ಕಟ್ ಮಾಡೋ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆ. ಓವರ್‌ಲೋಡ್ ಆದ್ರೆ ಬೀಳೋ ಎಂಸಿಬಿ ಇದೆಯಲ್ಲ ಅಂತ ಕೇಳೋರಿಗೆ, ಅದು ವೈರ್ ಸುಡದೇ ಇರೋಕೆ, ನಮಗಲ್ಲ. 6 ಆಂಪ್ ಎಂಸಿಬಿ ಬೀಳೋ ಹೊತ್ತಿಗೆ ಮನುಷ್ಯ ಇರಲ್ಲ, ಹತ್ತು ಮಿಲಿಆಂಪ್ ದಾಟಿದ್ರೇ ಹಿಡಿದ ಕೈ ಬಿಡೋಕಾಗದ ಸ್ಥಿತಿ ಬರಬಹುದು. ಆರ್‌ಸಿಸಿಬಿ ಫೇಸಲ್ಲಿ ಹೋದದ್ದು ನ್ಯೂಟ್ರಲಲ್ಲಿ ವಾಪಸ್ ಬಂತಾ ಅಂತ ನೋಡ್ತಾ ಇರುತ್ತೆ, ವ್ಯತ್ಯಾಸ ಕಂಡ್ರೆ ಕಟ್.

ಇದಾದ ಮೇಲೇನೇ ಟೈಟಾನಿಯಂ ಗ್ರೌಂಡಿಂಗ್ ಪ್ರೋಬ್ (ನೀರಲ್ಲೇ ಇರೋ ಲೋಹದ ಕಡ್ಡಿ, ಮೀಟರಿನದ್ದಲ್ಲ) ನೀರಿಗೆ ಬಿಟ್ಟು ಅರ್ಥ್‌ಗೆ ಸೇರಿಸಿದ್ದು. ಈ ಕ್ರಮ ಉಲ್ಟಾ ಆಗಬಾರದು. ಆರ್‌ಸಿಸಿಬಿ ಇಲ್ದೆ ಪ್ರೋಬ್ ಒಂದೇ ಹಾಕಿದ್ರೆ ಲೀಕ್ ಆದ ಕರೆಂಟ್ ನೀರಲ್ಲಿ ಸದಾ ಹರೀತಾನೇ ಇರುತ್ತೆ, ಯಾವುದೂ ಟ್ರಿಪ್ ಆಗಲ್ಲ, ಮೀಟರಲ್ಲಿ ವೋಲ್ಟೇಜ್ ಇಳಿದದ್ದು ನೋಡಿ ನಾವು ಖುಷಿಯಾಗಿರ್ತೀವಿ. ಎರಡೂ ಇದ್ರೆ ಹೀಟರ್ ಒಡೆದ ಗಳಿಗೇಲೇ ಟ್ರಿಪ್, ನಮ್ಮ ಕೈಗೆ ಕಾಯಲ್ಲ.

ವೈರುಗಳೆಲ್ಲ ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗೋ ಹಾಗೆ ಬಿಟ್ಟಿದ್ದೀನಿ, ಹನಿ ಅಲ್ಲೇ ತೊಟ್ಟಿಕ್ಕಿ ನಿಲ್ಲುತ್ತೆ.

ಒಂದು ತೊಂದರೆ ಉಳೀತು. ಮನೇಲಿ ಯಾರೂ ಇಲ್ದಾಗ ಟ್ರಿಪ್ ಆದ್ರೆ ಫಿಲ್ಟರೂ ನಿಂತು ಮೀನಿಗೆ ಆಕ್ಸಿಜನ್ ಕಮ್ಮಿ ಆಗುತ್ತೆ. ಅದಕ್ಕೆ ಹೀಟರಿಗೇ ಬೇರೆ ಆರ್‌ಸಿಸಿಬಿ, ಫಿಲ್ಟರಿಗೆ ಬೇರೆ, ಜೊತೆಗೆ ಕರೆಂಟ್ ಹೋದ್ರೆ ತಾನೇ ಆನ್ ಆಗೋ ಬ್ಯಾಟರಿ ಏರ್ ಪಂಪು. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತುತ್ತೀನಿ, ನೀರು ಬದಲಾಯಿಸೋವಾಗ ಮಾತ್ರ ಆರ್‌ಸಿಸಿಬಿ ಇದ್ರೂ ಎಲ್ಲ ಪ್ಲಗ್ ಕಿತ್ತೇ ಕೈ ಹಾಕೋದು.