ಪೆಟ್ಟಿನ ಗುರುತು ದಾಖಲಿಸುವುದು ಹೇಗೆ

ಹಲ್ಲೆಗೊಳಗಾದ ಹೆಣ್ಣುಮಗಳನ್ನು ಪರೀಕ್ಷಿಸುವ ಕಿರಿಯ ವೈದ್ಯರಿಗೆ ನಾನು ಮೊದಲು ಹೇಳುವುದು: ಒಪ್ಪಿಗೆ ಕೇಳಿ, ಜೊತೆ ಬಂದವರನ್ನು ಹೊರಗೆ ಕೂರಿಸಿ. ಕರೆತಂದವನೇ ಹೊಡೆದವನೂ ಆಗಿರಬಹುದು.

ಗಾಯದ ಜಾಗ, ಅಳತೆ, ಆಕಾರ, ಬಣ್ಣ ಬರೆದು, ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ ತೆಗೆಯಿರಿ. ಮುಂಗೈಯಲ್ಲಿ ಕಿರುಬೆರಳ ಕಡೆಯ ಅಂಚನ್ನು ತಪ್ಪದೆ ನೋಡಿ. ಏಟು ತಡೆಯಲು ಕೈ ಎತ್ತಿದಾಗ ಪೆಟ್ಟು ಬೀಳುವುದು ಹೆಚ್ಚಾಗಿ ಅಲ್ಲೇ. ಬಣ್ಣ ನೋಡಿ ‘ಇದು ಇಷ್ಟೇ ದಿನದ್ದು’ ಎಂದು ತೀರ್ಪು ಕೊಡುವ ಚಟ ಮಾತ್ರ ಬಿಡಿ.

ಕತ್ತು ಹಿಸುಕಿದರಾ ಎಂದು ನೇರವಾಗಿ ಕೇಳಿ. ಹೊರಗೆ ಏನೂ ಕಾಣದಿರಬಹುದು. ದನಿ ಒಡೆದಿದೆಯೇ, ನುಂಗಲು ನೋವೇ, ಕಣ್ಣರೆಪ್ಪೆಯ ಒಳಗೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳಿವೆಯೇ ನೋಡಿ.

ಬಟ್ಟೆ ಒಣಗಿಸಿ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಬೂಸಲು ಹಿಡಿಯುತ್ತದೆ. ಗಾಯ ಕಾಣದಿದ್ದರೆ ಹಾಗೆಂದಷ್ಟೇ ಬರೆಯಿರಿ, ‘ಹಲ್ಲೆ ಆಗಿಲ್ಲ’ ಎಂದಲ್ಲ.